ಗುಂಡಿ ತೋಡೋ ಮುಂಚೆ ಹೇಳಬೇಕಿತ್ತು

ಮೂರು ದಿನ ಆಯ್ತು, ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಕೌಲ್ ಬಜಾರಿನ ನಮ್ಮ ಬೀದಿಯ ಅಕ್ಕನ ಮನೆ ನಾಯಿ ಸತ್ತಿತು. ಎರಡು ದಿನದಿಂದ ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಹಾಲಲ್ಲಿ ನೆನೆಸಿದ ರೊಟ್ಟಿ ತಟ್ಟೆಯಲ್ಲೇ ಹುಳಿಯಾಗಿತ್ತು. ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಅವತ್ತು ಬೆಳಿಗ್ಗೆ ಅಕ್ಕನ ಮಗ ಬಾಯೊಳಗೆ ಕೈ ಹಾಕಿದ್ದಾನೆ. ಹಲ್ಲು ತರಚಿದೆ. ಪಶುವೈದ್ಯರು ಬಂದು ನೋಡಿ, "ರೇಬಿಸ್ ಇರಬಹುದು, ಸತ್ತ ಮೇಲೆ ಆಳವಾಗಿ ಹೂಳಿ" ಅಂದರು. ಅಷ್ಟೇ.

ಪರೀಕ್ಷೆ ಅಂತ ಒಂದಿದೆ ಅನ್ನೋದನ್ನು ಹೇಳಲೇ ಇಲ್ಲ!

ಬದುಕಿರುವ ನಾಯಿಗೆ ರೇಬಿಸ್ ಇಲ್ಲ ಅಂತ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ, ನಿಜ. ಸತ್ತ ಮೇಲೆ ಮಿದುಳಿನ ಚೂರು ತೆಗೆದು, ಐಸ್‌ನಲ್ಲಿಟ್ಟು ಕಳಿಸಿದರೆ ಗೊತ್ತಾಗುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೇ ಪ್ರಯೋಗಾಲಯ ಇದೆ. ಬಳ್ಳಾರಿಯಿಂದ ಒಂದು ರಾತ್ರಿ ಬಸ್ಸು. ಮಾಡಿಸೋದು ಬಿಡೋದು ಮನೆಯವರಿಗೆ ಬಿಟ್ಟದ್ದು. ಹೇಳೋದು ಡಾಕ್ಟರ ಕೆಲಸ ಅಲ್ವಾ?

"ಇಲ್ಲಿ ತಲೆ ತೆಗೆಯೋಕೆ ಯಾರಿದ್ದಾರೆ, ಸೌಕರ್ಯ ಎಲ್ಲಿದೆ" ಅಂತ ಗೆಳೆಯನೊಬ್ಬ ವಾದಿಸಿದ. ಅಪಾಯದ ಕೆಲಸ, ಲಸಿಕೆ ಹಾಕಿಸಿಕೊಂಡವರೇ ಮಾಡಬೇಕು, ಒಪ್ಪುತ್ತೇನೆ. ಬಾಯಿಬಿಟ್ಟು ಹೇಳೋಕೆ ಯಾವ ಸೌಕರ್ಯ ಬೇಕು? "ಹೇಗೂ ಇಂಜೆಕ್ಷನ್ ಹಾಕಿಸ್ತಾರಲ್ಲ" ಅಂತಲೂ ಅಂದ. ಹಾಕಿಸಲೇಬೇಕು, ವರದಿಗೆ ಕಾಯಲೇಬಾರದು. ಸೋಪು ಹಚ್ಚಿ, ನಲ್ಲಿ ಬಿಟ್ಟು 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಆದರೆ ಬೀದಿಯ ಎಷ್ಟು ಮಕ್ಕಳು ಆ ನಾಯಿ ಹತ್ತಿರ ಮುಖ ನೆಕ್ಕಿಸಿಕೊಂಡಿದ್ದರು! ಅವರ ಅಪ್ಪ ಅಮ್ಮಂದಿರಿಗೆ ಏನು ಹೇಳೋದು, "ಇರಬಹುದು" ಅಂತಲಾ?

ಈ "ಇರಬಹುದು" ನನಗೆ ಚೆನ್ನಾಗಿ ಗೊತ್ತು. ನಮ್ಮ ನಾಯಿ ಮೋತಿಯೂ ಹೀಗೇ ಹೋಯಿತು. ಅದರ ಆ ವರ್ಷದ ರೇಬಿಸ್ ಲಸಿಕೆ, ಬೂಸ್ಟರ್, ಇವತ್ತು ನಾಳೆ ಅಂತ ಮುಂದೂಡಿದವನು ನಾನೇ. ನಾನು 0, 3, 7, 14, 28ನೇ ದಿನ ಹೋಗಿ ಐದೂ ಇಂಜೆಕ್ಷನ್ ಹಾಕಿಸಿಕೊಂಡೆ. ಅಮ್ಮ "ನನ್ನನ್ನೇನು ಕಚ್ಚಿಲ್ಲ, ಕೈ ನೆಕ್ಕಿದ್ದು ಅಷ್ಟೇ" ಅಂತ ಬರಲಿಲ್ಲ. ಬೆರಳಲ್ಲಿ ಈಳಿಗೆ ತಾಗಿದ ಗಾಯ ಇತ್ತು. ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ವರ್ಷ ಅಮ್ಮ ಚೆಂಬು ಎತ್ತಿ ನೀರು ಕುಡಿಯುವಾಗೆಲ್ಲ ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಒಂದು ವರದಿ ಕೈಯಲ್ಲಿದ್ದಿದ್ದರೆ ಅಮ್ಮನನ್ನು ಎಳೆದುಕೊಂಡಾದರೂ ಹೋಗುತ್ತಿದ್ದೆ, ಇಲ್ಲಾ ನಿಶ್ಚಿಂತೆಯಿಂದ ಮಲಗುತ್ತಿದ್ದೆ.

ಇವತ್ತು ಬುಧವಾರ, ಹುಡುಗನ ಎರಡನೇ ಡೋಸ್. ಆಟೋ ಹತ್ತುವ ಮುಂಚೆ ಅಕ್ಕ ಕೇಳಿದರು, "ಈಗ ಗುಂಡಿ ತೆಗೆದು ಕಳಿಸಿದ್ರೆ ಗೊತ್ತಾಗುತ್ತೇನಪ್ಪಾ?"

ಈ ಬಿಸಿಲಲ್ಲಿ, ಮೂರು ದಿನ. "ಬೇಡಕ್ಕ, ಮುಟ್ಟಬೇಡಿ" ಅಂದೆ.