ಉಪ್ಪುಕಾಗದದ ದಾಂಪತ್ಯ

ಮೊಬೈಲ್ ತೆರೆದರೆ ಸಾಕು, ಯಾವುದೋ ಊರಿನ ಯಾವುದೋ ದಂಪತಿ ಯಾವುದೋ ಹಳೆಯ ಮೇಜನ್ನು ಉಜ್ಜುತ್ತಿರುತ್ತಾರೆ. ನೀವೂ ನೋಡಿರುತ್ತೀರಿ, ನೋಡದೆ ಇರಲು ಬಿಡುವುದಿಲ್ಲ. ಮೊದಲಿಗೆ ಮೇಜು ಗುಜರಿ ಅಂಗಡಿಯ ಮೂಲೆಯಲ್ಲಿ ಒಂದು ಕಾಲು ಮುರಿದುಕೊಂಡು, ಮೈತುಂಬ ದೂಳು ಹೊದ್ದು ನಿಂತಿರುತ್ತದೆ. ಆಮೇಲೆ ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡು ನಗುತ್ತಾಳೆ. ಗಂಡ ಅಂಗಿಯ ತೋಳು ಮಡಚಿ ಉಜ್ಜುವ ಯಂತ್ರ ಹಿಡಿಯುತ್ತಾನೆ. ಹಿನ್ನೆಲೆಯಲ್ಲಿ ಕೊಳಲು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಮೇಜು ಥಳಥಳಿಸುತ್ತಿರುತ್ತದೆ. ಅದರ ಮೇಲೊಂದು ಹಿತ್ತಾಳೆಯ ಉರುಳಿ, ಉರುಳಿಯಲ್ಲಿ ನೀರು, ನೀರಿನಲ್ಲಿ ಸೇವಂತಿಗೆ. ಕೆಳಗೆ ಒಂದು ಸಾಲು: ‘ನಾವಿಬ್ಬರೂ ಕೈಯಾರೆ ಮಾಡಿದ್ದು.’ ಮೇಜನ್ನು ನಿಜಕ್ಕೂ ಕೈಯಾರೆ ಮಾಡಿದ ಆಚಾರಿ ತೀರಿಕೊಂಡು ಎಷ್ಟೋ ಕಾಲವಾಗಿರುತ್ತದೆ. ಆಕ್ಷೇಪಣೆ ಸಲ್ಲಿಸಲು ಅವನು ಬರುವಂತಿಲ್ಲ.

ನಾನಂತೂ ಈ ಹೊಸ ಗೃಹಕೈಗಾರಿಕೆಯನ್ನು ಮನಸಾರೆ ಬೆಂಬಲಿಸುತ್ತೇನೆ. ವಾರವಿಡೀ ಬೇರೆ ಬೇರೆ ಕೋಣೆಗಳಲ್ಲಿ ಪರದೆಯ ಮುಂದೆ ಕುಳಿತು, ಊಟ ಬಂದಿತೇ ಎಂದು ಗೋಡೆಯಾಚೆಯಿಂದಲೇ ಸಂದೇಶ ಕಳಿಸುವ ಗಂಡ ಹೆಂಡತಿ ಭಾನುವಾರ ಒಂದೇ ಹಲಗೆಯ ಎರಡು ತುದಿಯಲ್ಲಿ ಕುಳಿತು ಉಜ್ಜುತ್ತಾರೆಂದರೆ ಅದು ಸಣ್ಣ ಮಾತಲ್ಲ. ಸಪ್ತಪದಿ ತುಳಿಸಿದ ಪುರೋಹಿತರ ಕೈಯಲ್ಲಾಗದ ಕೆಲಸವನ್ನು 80ನೇ ನಂಬರಿನ ಉಪ್ಪುಕಾಗದ ಮಾಡುತ್ತಿದೆ. ಇನ್ನು ಪರಿಸರ. ಒಂದು ಮೇಜು ಉಳಿದರೆ ಒಂದು ಮರ ಉಳಿಯಿತು ಎನ್ನುತ್ತಾರೆ, ನಾನು ನಂಬುತ್ತೇನೆ. ಆ ಮೇಜನ್ನು ಉಳಿಸಲೆಂದು ತರಿಸಿದ ಯಂತ್ರ, ಯಂತ್ರದ ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಪೆಟ್ಟಿಗೆ, ಅದರೊಳಗಿನ ಥರ್ಮೋಕೋಲು, ಒಮ್ಮೆ ಅದ್ದಿ ಒಣಗಲು ಬಿಟ್ಟು ಕಲ್ಲಾದ ಕುಂಚಗಳು, ಇವುಗಳ ಲೆಕ್ಕವನ್ನು ಮರ ಕೇಳುವುದಿಲ್ಲ.

ಈ ಮೇಜು ಕುರ್ಚಿಗಳೆಲ್ಲ ಎಲ್ಲಿಂದ ಬರುತ್ತವೆ? ನಮ್ಮ ಮನೆಗಳಿಂದಲೇ. ಪ್ಲೈವುಡ್ಡಿಗೆ ಸನ್ಮೈಕಾ ಅಂಟಿಸಿದರೆ ಮನೆಗೆ ನಾಗರಿಕತೆ ಬಂದಂತೆ ಎಂದು ಊರಿಗೆ ಊರೇ ತೀರ್ಮಾನಿಸಿದ ಕಾಲವೊಂದಿತ್ತು. ಆಗ ಅಜ್ಜನ ಆರಾಮ ಕುರ್ಚಿ ಜಗಲಿಯಿಂದ ಕೊಟ್ಟಿಗೆಗೆ ಹೋಯಿತು, ಕೊಟ್ಟಿಗೆಯಿಂದ ಗುಜರಿಯವನ ಗಾಡಿಗೆ. ಅಜ್ಜ ಬದುಕಿದ್ದಾಗ ಅದರ ಹರಿದ ಬೆತ್ತವನ್ನು ಯಾರೂ ಹೆಣೆಸಿಕೊಡಲಿಲ್ಲ; ದಿಂಬು ಹಾಕಿಕೊಂಡು ಕುಳಿತುಕೊಳ್ಳಿ ಎಂದರು. ಈಗ ಮೊಮ್ಮಗ ಅಂಥದ್ದೇ ಕುರ್ಚಿಯನ್ನು ತಂದು, ಬೆತ್ತ ಹೆಣೆಯುವವರನ್ನು ಊರೆಲ್ಲ ಹುಡುಕಿ, ಸಿಗದೆ, ನೈಲಾನ್ ಬಲೆ ಬಿಗಿದು ಕುಳಿತಿದ್ದಾನೆ. ಮಲೆನಾಡಿನ ತೊಟ್ಟಿಮನೆಗಳ ಕಂಬ, ತೊಲೆ, ಬಾಗಿಲುವಾಡಗಳೂ ಹೀಗೇ ಇಳಿದು ಹೋದವು. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಬರ್ಮಾ ತೇಗದಿಂದ ಎದ್ದ ಬಂಗಲೆಗಳು ಬಿಚ್ಚಿಕೊಂಡು ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳಿಗೆ ಬಂದವು, ಅಲ್ಲಿಂದ ಲಾರಿ ಹತ್ತಿ ಬೆಂಗಳೂರಿನ ಕೆಫೆಗಳಲ್ಲಿ ಕಂಬವಾಗಿ ನಿಂತವು. ತಲೆಯ ಮೇಲೆ ಏನನ್ನೂ ಹೊರದ, ಫೋಟೊಕ್ಕೆ ಮಾತ್ರ ನಿಂತ ಕಂಬಗಳು. ಶಿವಾಜಿನಗರದಲ್ಲಿ ದೂಳಿನ ನಡುವೆ ಚೌಕಾಸಿಗೆ ಸಿಗುವ ಕುರ್ಚಿಯೇ ಇಂದಿರಾನಗರದ ಗಾಜಿನ ಹಿಂದೆ ಹಳದಿ ದೀಪದಡಿ ಕುಳಿತರೆ ಬೆಲೆ ಕೇಳುವ ಧೈರ್ಯವೂ ಬರುವುದಿಲ್ಲ.

ಇಷ್ಟು ಹಳೆಯ ಸಾಮಾನು ಎಲ್ಲರಿಗೂ ಸಾಲುವುದಿಲ್ಲ ನೋಡಿ, ಅದಕ್ಕೂ ಉಪಾಯ ಮಾಡಿದ್ದಾರೆ. ಹೊಚ್ಚ ಹೊಸ ಹಲಗೆಗೆ ಕಬ್ಬಿಣದ ಸರಪಳಿಯಿಂದ ಬಾರಿಸಿ ಪೆಟ್ಟಿನ ಗುರುತು ಮೂಡಿಸುತ್ತಾರೆ. ಬಣ್ಣ ಬಳಿದು, ಒಣಗಿದ ಮೇಲೆ ಅಂಚಿನಲ್ಲಿ ಕೆರೆಯುತ್ತಾರೆ. ನೂರು ವರ್ಷದ ಸವೆತ ಒಂದು ಮಧ್ಯಾಹ್ನದಲ್ಲಿ ಸಿದ್ಧ. ಇದಕ್ಕೆ ದುಡ್ಡು ಕೊಡುವವರಿದ್ದಾರೆಂದು ತಿಳಿದ ದಿನದಿಂದ ನಮ್ಮ ಜಿಲ್ಲಾ ಬಸ್ ನಿಲ್ದಾಣಗಳ ಬೆಂಚುಗಳನ್ನು ರಫ್ತು ಮಾಡಬಾರದೇಕೆ ಎಂದು ಯೋಚಿಸುತ್ತಿದ್ದೇನೆ. ಸರಪಳಿಯ ಖರ್ಚಿಲ್ಲ, ಪ್ರಯಾಣಿಕರೇ ಉಚಿತವಾಗಿ ಕೆರೆದುಕೊಡುತ್ತಾರೆ. ಹೃದಯದ ಚಿತ್ರ, ಅದರೊಳಗೆ ಬಾಣ, ಎರಡು ಹೆಸರು ಬೇರೆ.

ನಮ್ಮ ಮೇಲಿನ ಮಹಡಿಯ ಜೋಡಿಯೂ ಒಂದು ಬರೆಯುವ ಮೇಜು ತಂದರು. ಇಬ್ಬರೂ ತಂತ್ರಾಂಶ ಕಂಪನಿಯವರು, ಒಳ್ಳೆಯ ಮಕ್ಕಳು. ಮೇಜಿನ ಮೇಲೆ ಕೆನೆ ಬಣ್ಣ, ಅದರ ಕೆಳಗೆ ಆಸ್ಪತ್ರೆಯ ಬಾಗಿಲಿಗೆ ಬಳಿಯುವ ಹಸಿರು, ಹಸಿರನ್ನು ಕೆರೆದರೆ ತೇಗ. ಡ್ರಾಯರ್ ಎಳೆದು ತಲೆಕೆಳಗು ಮಾಡಿದಾಗ ತಳದಲ್ಲಿ ಆಚಾರಿಯ ಸೀಸದಕಡ್ಡಿಯಲ್ಲಿ ‘ಎಡ’ ಎಂದು ಬರೆದಿತ್ತು. ಅದರ ಪಕ್ಕ ಯಾವುದೋ ಮಗು ಕೈವಾರದ ಮೊನೆಯಿಂದ ಹದಿನೇಳರ ಮಗ್ಗಿ ಕೊರೆದಿತ್ತು. ಹದಿನೇಳು ಏಳಲ ನೂರ ಹದಿನೇಳು ಎಂದು ತಪ್ಪು ಬರೆದು ಅಲ್ಲಿಗೇ ನಿಲ್ಲಿಸಿತ್ತು. ಬಹುಶಃ ಆ ಹೊತ್ತಿಗೆ ಮೇಷ್ಟರು ಬಂದಿರಬೇಕು.

“ಉಜ್ಜಿದರೆ ಹೋಗುತ್ತದೆ” ಎಂದು ಹುಡುಗ ಯಂತ್ರ ಎತ್ತಿದ.

“ಅದನ್ನು ಉಜ್ಜಿದರೆ ನೀನೂ ಹೋಗುತ್ತೀಯ” ಎಂದಳು ಹುಡುಗಿ.

ತೀರ್ಪಿಗೆ ನನ್ನನ್ನು ಕರೆದರು. “ಅಂಕಲ್, ನೀವೇ ಹೇಳಿ, ತಪ್ಪು ಮಗ್ಗಿಯನ್ನು ಯಾರಾದರೂ ಕಾಪಾಡುತ್ತಾರೆಯೇ?” ಎಂದು ಅವನು ಕೇಳಿದ. ಸರಿಯಾದ ಮಗ್ಗಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ತಪ್ಪು ಮಗ್ಗಿ ಸಿಗುವುದು ಇಲ್ಲೊಂದೇ ಕಡೆ ಎಂದೆ. ಹುಡುಗಿ ಗೆದ್ದಳು. ಹುಡುಗ ಅಂದಿನಿಂದ ನನಗೆ ಲಿಫ್ಟಿನಲ್ಲಿ ನಮಸ್ಕಾರ ಮಾಡುವುದನ್ನು ಬಿಟ್ಟಿದ್ದಾನೆ.

ಆ ಹಸಿರು ಬಣ್ಣದ ವಿಷಯ ಮಾತ್ರ ತಮಾಷೆಯದಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವೆಂಬ ವಿಷದ ಪ್ರಮಾಣ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಎಣ್ಣೆಬಣ್ಣದಲ್ಲಿ ಏನಿದೆಯೆಂದು ಬಳಿದವನಿಗೂ ಗೊತ್ತಿಲ್ಲ, ಕೆರೆಯುವವನಿಗೂ ಗೊತ್ತಿಲ್ಲ. ಅದನ್ನು ಮುಚ್ಚಿದ ಬಾಲ್ಕನಿಯಲ್ಲಿ ಯಂತ್ರ ಹಿಡಿದು ಒಣಗಿದಂತೆಯೇ ಉಜ್ಜಿದರೆ ಹಿಟ್ಟಿನಷ್ಟು ನುಣ್ಣನೆಯ ದೂಳೆದ್ದು ಮಗುವಿನ ಹಾಲಿನ ಬಾಟಲಿಯ ಮೇಲೆ ಕೂರುತ್ತದೆ. ನೀರು ಹಚ್ಚಿ ಉಜ್ಜಬೇಕು, ಮೂಗಿಗೆ ಸರಿಯಾದ ಮಾಸ್ಕ್ ಕಟ್ಟಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಹಾಗೆಯೇ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಒಣಹಾಕಬೇಕು ಅಥವಾ ನೀರಿನಲ್ಲಿ ಅದ್ದಿಡಬೇಕು. ಇಷ್ಟನ್ನು ಹೇಳಲು ಅರ್ಧ ನಿಮಿಷದ ವಿಡಿಯೊದಲ್ಲಿ ಜಾಗವಿಲ್ಲ. ಕೊಳಲಿಗೆ ಜಾಗ ಬೇಕಲ್ಲ.

ಬಣ್ಣ ಹೋದ ಮೇಲೆ 120ನೇ ನಂಬರಿನ ಉಪ್ಪುಕಾಗದ, ಆಮೇಲೆ ಇನ್ನೂ ನುಣ್ಣನೆಯ 220, ಮನಸ್ಸಿದ್ದರೆ 320. ಪ್ರೀತಿ ಸಾಮಾನ್ಯವಾಗಿ 120ರ ಹತ್ತಿರ ಸವೆಯುತ್ತದೆ. ಆಮೇಲೆ ಪಾಲಿಷ್. ಹಿಂದೆ ಸೀಸೆಯಲ್ಲಿ ಅರಗು ಕರಗಿಸಿದ ಸ್ಪಿರಿಟ್ ಹಿಡಿದು, ಹತ್ತಿಯನ್ನು ಬಟ್ಟೆಯಲ್ಲಿ ಉಂಡೆ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಒಂದೇ ಹಲಗೆಯ ಮೇಲೆ ಕೈಯಾಡಿಸುವವರು ಇದ್ದರು. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವುದೂ ಅರಗೇ. ಅಂಥವರಲ್ಲಿ ಇನ್ನೂ ಉಳಿದವರು ನಮ್ಮ ಬಡಾವಣೆಗಳ ಗೇಟಿನಲ್ಲಿ ನಿಂತು ಒಂದು ಕೂಗು ಹಾಕುವಂತಿಲ್ಲ, ಆ್ಯಪಿನಲ್ಲಿ ಅನುಮತಿ ಸಿಗದೆ ಒಳಗೆ ಬಿಡುವುದಿಲ್ಲ. ಅವರನ್ನು ಹೊರಗೇ ತಡೆದು, ಒಳಗೆ ಅವರ ಕೆಲಸವನ್ನು ಹವ್ಯಾಸವೆಂದು ಕಲಿಯಲು ವಾರಾಂತ್ಯದ ಶಿಬಿರ ನಡೆಸುತ್ತೇವೆ. ಶುಲ್ಕ ಮುಂಗಡ, ಉಪಾಹಾರ ಸೇರಿ.

ಅಪಾರ್ಟ್‌ಮೆಂಟ್ ಸಂಘದ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ಸೂಚನಾ ಫಲಕದ ಪ್ರಕಾರ ಮರಗೆಲಸ ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ಅಂದರೆ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿರುವ ಹೊತ್ತು. ಅವರು ಬಿಡುವಾಗಿರುವ ಭಾನುವಾರ ನಿಷಿದ್ಧ. ಮೇಜು ಒಳಗೆ ಬರಲು ಗೇಟ್ ಪಾಸ್, ಹೊರಗೆ ಹೋಗಲು ಇನ್ನೊಂದು, ಸಾಮಾನಿನ ಲಿಫ್ಟಿಗೆ ಬೇರೆ ಅರ್ಜಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮವನ್ನೇ ಪದಾಧಿಕಾರಿಗಳು ಅಚ್ಚು ಹಾಕಿಸಿ ಅಂಟಿಸಿದ್ದಾರೆ. ಅದೇ ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಧ್ವನಿವರ್ಧಕ ಹಚ್ಚಿ ಮೌನದ ಮಹತ್ವ ಕುರಿತು ಪ್ರವಚನ ನಡೆಯುತ್ತದೆ. ಕೈಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜುವ ಸದ್ದನ್ನು ಅದರ ನಡುವೆ ಪತ್ತೆ ಹಚ್ಚಿದ ಕಾವಲುಗಾರನ ಕಿವಿಗೆ ಪ್ರಶಸ್ತಿ ಕೊಡಬೇಕು.

ಮೇಜು ಉಜ್ಜಲು ಬಿಡದ ಊರು, ಮೇಜು ಎಸೆಯಲು ಮಾತ್ರ ಉದಾರವಾಗಿದೆ. ಪ್ರತಿ ರಸ್ತೆಯ ತಿರುವಿನಲ್ಲೂ ಒಂದು ಅನಾಥ ಸೋಫಾ. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯವರು ರಸ್ತೆಗೆ ಕಸ ಎಸೆದವರ ಮನೆ ಹುಡುಕಿ, ಅವರ ಬಾಗಿಲ ಮುಂದೆಯೇ ಕಸ ಸುರಿದು ‘ಕಸ ಸುರಿಯುವ ಹಬ್ಬ’ ಆಚರಿಸಿದ್ದು ನಿಮಗೆ ನೆನಪಿರಬಹುದು. ಕಸಕ್ಕೆ ಕಸವೇ ಮದ್ದು ಎಂಬ ಆ ಚಿಕಿತ್ಸೆಯ ದಿನವೂ ನಮ್ಮ ತಿರುವಿನ ಸೋಫಾ ಯಾರ ಮನೆಗೂ ಹೋಗಲಿಲ್ಲ. ಈಗ ಅದರ ಮೇಲೆ ನಾಯಿಯೊಂದು ಸಂಸಾರ ಹೂಡಿದೆ.

ಇಷ್ಟಕ್ಕೂ ಹಳೆಯ ಪೀಠೋಪಕರಣದ ಸಂಗ್ರಹದಲ್ಲಿ ಸರ್ಕಾರವನ್ನು ಮೀರಿಸುವವರಿಲ್ಲ. ಯಾವುದಾದರೂ ತಾಲ್ಲೂಕು ಕಚೇರಿಯ ಹಿಂಭಾಗಕ್ಕೆ ಹೋಗಿ ನೋಡಿ. ಕಾಲಿಲ್ಲದ ಕುರ್ಚಿ, ಬೆನ್ನಿಲ್ಲದ ಕುರ್ಚಿ, ಬೀಗ ಹಾಕಿದ್ದು ಕೀಲಿ ಕಳೆದುಹೋದ ಬೀರು, ಬೀರಿನ ಮೇಲೆ ಹಬ್ಬಿದ ಬಳ್ಳಿ. ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ದಾಸ್ತಾನು ವಹಿಯಲ್ಲಿ ಇರುವವರೆಗೆ ಕುರ್ಚಿಗೆ ಸಾವಿಲ್ಲ. ಅದು ನಿರುಪಯುಕ್ತವೆಂದು ಒಬ್ಬರು ಬರೆಯಬೇಕು, ಇನ್ನೊಬ್ಬರು ಒಪ್ಪಬೇಕು, ಬೆಲೆ ಕಟ್ಟಬೇಕು, ಹರಾಜು ಕೂಗಬೇಕು. ಇದೆಲ್ಲ ಮುಗಿಯುವ ಹೊತ್ತಿಗೆ ಗೆದ್ದಲು ತನ್ನ ವರದಿಯನ್ನು ಸಲ್ಲಿಸಿ ಹೋಗಿರುತ್ತದೆ.

ರಾಜಧಾನಿಯಲ್ಲಿ ಇಂಥ ವಿಳಂಬವಿಲ್ಲ. ಸರ್ಕಾರ ಬದಲಾದರೆ ಕೊಠಡಿಗಳ ಸೋಫಾ ಬದಲಾಗುತ್ತದೆ, ಮೇಜು ದಿಕ್ಕು ಬದಲಿಸುತ್ತದೆ, ವಾಸ್ತು ಪಂಡಿತರು ಬರುತ್ತಾರೆ. ವಾಸ್ತು ಸರಿಯಿಲ್ಲವೆಂದು ಮುಚ್ಚಿಟ್ಟಿದ್ದ ವಿಧಾನಸೌಧದ ಮುಖ್ಯಮಂತ್ರಿ ಕೊಠಡಿಯ ಬಾಗಿಲನ್ನು ಸಿದ್ದರಾಮಯ್ಯ 2023ರಲ್ಲಿ ತೆರೆಸಿದಾಗ ಅದೇ ಒಂದು ಸುದ್ದಿಯಾಯಿತು. ಬಾಗಿಲು ತೆರೆಯುವುದು ಸುದ್ದಿಯಾಗುವ ಊರು ನಮ್ಮದು. ಕೆಂಗಲ್ ಹನುಮಂತಯ್ಯನವರ ಕನಸಿನ ಆ ಕಟ್ಟಡ ಪೂರ್ಣಗೊಂಡದ್ದು 1956ರಲ್ಲಿ. ಅದರ ಸಂಪುಟ ಸಭೆಯ ಕೊಠಡಿಗಿರುವ ಗಂಧದ ಮರದ ಬಾಗಿಲನ್ನು ಯಾರೂ ಕಿತ್ತು ಹೊಸದು ಹಾಕಿಸಲಿಲ್ಲ. ಬಾಗಿಲ ಮೇಲೆ ಕೂರಲು ಬರುವುದಿಲ್ಲ, ಅದಕ್ಕಿರಬೇಕು.

ಇದೇ ರಾಜ್ಯದ ಸರ್ಕಾರಿ ಶಾಲೆಯೊಂದರ ಕೊನೆಯ ಕೊಠಡಿಯ ಕಿಟಕಿಯಿಂದ ಇಣುಕಿ ನೋಡಿದ್ದೇನೆ. ಒಳಗೆ ಸೂರಿನವರೆಗೆ ಮುರಿದ ಬೆಂಚುಗಳು. ಪಕ್ಕದ ಕೊಠಡಿಯಲ್ಲಿ ಮಕ್ಕಳು ನೆಲದ ಮೇಲೆ ಕುಳಿತು, ಬೆನ್ನು ಬಾಗಿಸಿ ತೊಡೆಯ ಮೇಲೆ ಬರೆಯುತ್ತಿದ್ದರು. ಬೆಂಚುಗಳಿಗೆ ಆಗಿರುವುದು ದೊಡ್ಡ ರೋಗವಲ್ಲ. ಒಂದರ ಕಾಲು ಸಡಿಲ, ಇನ್ನೊಂದರ ಹಲಗೆ ಸೀಳಿದೆ. ಮೊಳೆ, ಅಂಟು, ಒಬ್ಬ ಆಚಾರಿ, ಒಂದು ವಾರದ ಕೂಲಿ. ಇದಕ್ಕೆ ಯಾವ ಯೋಜನೆಯ ಹೆಸರೂ ಬೇಡ, ಉದ್ಘಾಟನೆಯೂ ಬೇಡ. ಉದ್ಘಾಟನೆ ಬೇಡವಾದ್ದರಿಂದಲೇ ಅದು ಆಗುವುದಿಲ್ಲ. ಮುಖ್ಯ ಶಿಕ್ಷಕರು ಕೈಯಿಂದ ದುಡ್ಡು ಹಾಕಿ ಸರಿಪಡಿಸಿದರೆ ಯಾರ ಅನುಮತಿಯಿಂದ ಮುಟ್ಟಿದಿರಿ ಎಂದು ಕೇಳುವವರಿದ್ದಾರೆ. ಮುಟ್ಟದೆ ಬಿಟ್ಟರೆ ಕೇಳುವವರು ಯಾರೂ ಇಲ್ಲ. ಹೊಸ ಬೆಂಚಿಗೆ ದಾನಿ ಸಿಗುತ್ತಾನೆ, ಬೆನ್ನಿನ ಮೇಲೆ ದಾನಿಯ ಹೆಸರೂ ಬರುತ್ತದೆ. ಹಳೆಯ ಬೆಂಚಿನ ಕಾಲಿಗೆ ಮೊಳೆ ಹೊಡೆದವನ ಹೆಸರನ್ನು ಎಲ್ಲಿ ಬರೆಯುವುದು? ಇದನ್ನು ಎಷ್ಟು ಸಲ ಬರೆಯುವುದು, ಯಾರಿಗೆ ಬರೆಯುವುದು ಎಂದು ಬೇಸರವಾಗುತ್ತದೆ. ಮಕ್ಕಳ ಬೆನ್ನು ವ್ಯಂಗ್ಯಕ್ಕೆ ನೆಟ್ಟಗಾಗುವುದಿಲ್ಲ.

ಹೀಗಾಗಿ ಮೇಲಿನ ಮಹಡಿಯ ಜೋಡಿಯ ಮೇಲೆ ನನಗೆ ಕೋಪವಿಲ್ಲ. ಯಾರ ಕಡತಕ್ಕೂ ಕಾಯದೆ ಒಂದು ಮುರಿದ ಕಾಲನ್ನು ಕೂಡಿಸಿದ್ದಾರೆ. ಯಂತ್ರವನ್ನು ಸಂಘದವರು ವಶಪಡಿಸಿಕೊಂಡ ಮೇಲೆ ಕೈಯಲ್ಲೇ ಉಜ್ಜಿದರು, ಜಗಳವಾಡುತ್ತಲೇ ಉಜ್ಜಿದರು, ಅರಗಿನ ಪಾಲಿಷನ್ನೇ ಹಚ್ಚಿದರು. ಮೊನ್ನೆ ಮೇಜು ನೋಡಲು ಕರೆದಿದ್ದರು. ಚೆನ್ನಾಗಿಯೇ ಬಂದಿದೆ, ತೇಗದ ಎಳೆ ಎದ್ದು ಕಾಣುತ್ತದೆ. ಹುಡುಗಿ ಹಬೆಯಾಡುವ ಕಾಫಿ ತಂದುಕೊಟ್ಟಳು. ಲೋಟವನ್ನು ಮೇಜಿನ ಮೇಲೆ ಇಡಹೋದೆ.

“ಅಂಕಲ್, ಬೇಡ! ಬಿಸಿ ಲೋಟ ಇಟ್ಟರೆ ಪಾಲಿಷ್ ಮೇಲೆ ಬಿಳಿ ಉಂಗುರ ಬೀಳುತ್ತದೆ” ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅಷ್ಟು ಒಗ್ಗಟ್ಟಿನಿಂದ ಅವರು ಮಾತನಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹುಡುಗ ಒಳಗೆ ಹೋಗಿ, ಲೋಟ ಇಡಲು ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು ಹಾಕಿದ.