ಗುಳ್ಳೆಗೆ ನಲವತ್ತು, ಸಕ್ಕರೆಗೆ ಐದು

‘ಶುಗರ್ ಟ್ಯಾಕ್ಸ್’ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಬೀದಿಯ ರಾಯರು ಕಾಫಿ ಲೋಟ ಕೆಳಗಿಟ್ಟರು. “ಇದೇನ್ರೀ ಅನ್ಯಾಯ! ಕಾಯಿಲೆ ಬಂದವರ ಮೇಲೂ ಟ್ಯಾಕ್ಸಾ?”

ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಸಕ್ಕರೆ ಅಂದರೆ ತಿನ್ನೋದು, ಶುಗರ್ ಅಂದರೆ ಬರೋದು. ರಾಯರಿಗೆ ಶುಗರ್ ಬಂದು ಹನ್ನೊಂದು ವರ್ಷ ಆಯ್ತು. ಸಕ್ಕರೆ ಮಾತ್ರ ಇನ್ನೂ ಹೋಗಿಲ್ಲ.

“ಅದು ಕಾಯಿಲೆ ಮೇಲಲ್ಲ ರಾಯರೇ, ತಿನ್ನೋ ಸಕ್ಕರೆ ಮೇಲೆ” ಅಂದೆ.

“ಅಯ್ಯೋ, ಹಾಗಾದ್ರೆ ಇನ್ನೂ ಕಷ್ಟ” ಅಂದರು. “ನಮ್ಮಲ್ಲೂ ಬರುತ್ತಾ?”

ಬಂದಾಗಿದೆ ಅಂತ ಕೆಲವರು ಹೇಳ್ತಾರೆ. ಬಂದೇ ಇಲ್ಲ ಅಂತ ಇನ್ನು ಕೆಲವರು. ಇಬ್ಬರ ಮಾತೂ ನಿಜ. ಯಾಕೆ ಅಂತ ತಿಳಿಯೋಕೆ ದೆಹಲಿಗೆ ಹೋಗಬೇಕಿಲ್ಲ. ನಾವು ನಿಂತಿದ್ದ ಬೇಕರಿಯ ಗಾಜಿನ ಪೆಟ್ಟಿಗೆ ಕಡೆ ತಿರುಗಿದರೆ ಸಾಕು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತಲ್ಲ, ಆ ಲೆಕ್ಕದಲ್ಲಿ ನೋಡಿ. ಗಾಜಿನ ಹಿಂದೆ ಕೇಕು, ಶೇ 5. ಪಕ್ಕದಲ್ಲಿ ಬಿಸ್ಕತ್ತು, ಶೇ 5. ಡಬ್ಬಿಯಲ್ಲಿ ಚಾಕೊಲೇಟು, ಶೇ 5. ಈ ಮೂರೂ ಅದಕ್ಕೆ ಮುಂಚೆ ಶೇ 18ರಲ್ಲಿದ್ದವು. ತುಪ್ಪ ಜಿನುಗುತ್ತಾ ಕೂತ ಮೈಸೂರು ಪಾಕು ಮೊದಲೂ 5, ಈಗಲೂ 5. ಒಳಗೆ ಗೋಡೆಗೊರಗಿಸಿಟ್ಟ ಸಕ್ಕರೆ ಮೂಟೆ, ಅಂದರೆ ಸಾಕ್ಷಾತ್ ಮೂಲ ಆರೋಪಿ, ಅದಕ್ಕೂ 5.

ಹಾಗಾದರೆ ಸಿಕ್ಕಿಬಿದ್ದವರು ಯಾರು? ಫ್ರಿಜ್ಜಿನಲ್ಲಿ ನಡುಗುತ್ತಾ ನಿಂತ ಬಾಟ್ಲಿಗಳು. ಗ್ಯಾಸ್ ತುಂಬಿದ ತಂಪು ಪಾನೀಯಕ್ಕೆ ಶೇ 40. ಸರಿ, ಅದರಲ್ಲಿ ಸಕ್ಕರೆ ಜಾಸ್ತಿ, ಹಾಕಲಿ ಬಿಡಿ ಅಂತೀರಾ? ಅದರ ಪಕ್ಕದಲ್ಲೇ ‘ಝೀರೋ ಶುಗರ್’ ಅಂತ ದಪ್ಪಕ್ಷರದಲ್ಲಿ ಬರೆದುಕೊಂಡ ಕಪ್ಪು ಡಬ್ಬಿ ನಿಂತಿದೆ. ಅದಕ್ಕೂ 40. ಕಾನೂನಿನಲ್ಲಿ ಸಕ್ಕರೆ ಹಾಕಿದರೂ ಒಂದೇ, ಬೇರೆ ಸಿಹಿ ಹಾಕಿದರೂ ಒಂದೇ, ಬರೀ ರುಚಿಗೆ ಏನೋ ಬೆರೆಸಿದರೂ ಒಂದೇ. ಸಕ್ಕರೆ ಬಿಟ್ಟಿದ್ದೀನಿ ಅಂತ ಪ್ರಮಾಣ ಮಾಡಿದವನಿಗೂ ಕುಡುಕನಷ್ಟೇ ದಂಡ.

ಅದೇ ಫ್ರಿಜ್ಜಿನ ಕೆಳಗಿನ ಸಾಲಿನಲ್ಲಿ ರಟ್ಟಿನ ಡಬ್ಬಿಯ ಮಾವಿನ ಜ್ಯೂಸು. ಅಂಟು ಅಂಟು ಸಿಹಿ. ಅದಕ್ಕೆ ಶೇ 5. ಅದೇ ಮಾವಿನ ಜ್ಯೂಸಿಗೆ ಗ್ಯಾಸ್ ತುಂಬಿಸಿ, 40 ಆಗುತ್ತೆ. ಗ್ಯಾಸ್ ತಪ್ಪು ಅಂತೀರಾ? ಏನೂ ಬೆರೆಸದ ಬರೀ ಸೋಡಾಕ್ಕೆ 5. ಅಂದರೆ ಜ್ಯೂಸಿನಲ್ಲಿ ಸಿಹಿ ಒಂದೇ ಇದ್ದರೆ ಅಪರಾಧವಲ್ಲ. ಗುಳ್ಳೆ ಒಂದೇ ಇದ್ದರೂ ಅಪರಾಧವಲ್ಲ. ಇಬ್ಬರೂ ಒಟ್ಟಿಗೆ ಓಡಾಡಿದರೆ ಕೇಸು. ಒಟ್ಟಿಗೆ ಸಿಕ್ಕಾಗಲೂ ದೂರು ದಾಖಲಾಗೋದು ಗುಳ್ಳೆಯ ಹೆಸರಲ್ಲಿ.

ಬೇಕರಿಯವರು ಹಾಸನದ ಕಡೆಯವರು, ಇದನ್ನೆಲ್ಲ ಕೇಳಿಸಿಕೊಂಡು ನಕ್ಕರು. “ಗುಳ್ಳೆಗೆ ಹಿಂದೆ ಮುಂದೆ ಯಾರೂ ಇಲ್ಲ ಸಾರ್, ಅದಕ್ಕೇ.”

ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.

ಗುಳ್ಳೆಯ ಗ್ರಹಚಾರ ಹಳೆಯದು. 2015ರಲ್ಲಿ ಆಗಿನ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ನೇತೃತ್ವದ ಸಮಿತಿ ಜಿಎಸ್‌ಟಿಗೆ ದರ ಸೂಚಿಸಿದಾಗಲೇ ಐಷಾರಾಮಿ ಕಾರು, ಪಾನ್ ಮಸಾಲ, ತಂಬಾಕಿನ ಜೊತೆ ಇದನ್ನೂ ಶೇ 40ರ ಪಾಪದ ಪಟ್ಟಿಗೆ ಸೇರಿಸಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ 28 ಜೊತೆಗೆ 12 ಸೆಸ್, ಕೂಡಿದರೆ 40. 2025ರಲ್ಲಿ ದೊಡ್ಡ ಸುಧಾರಣೆ ಅಂತ ಸೆಸ್ ತೆಗೆದರು, ನೇರವಾಗಿ 40 ಮಾಡಿದರು. ಹತ್ತು ವರ್ಷದ ಚರ್ಚೆಯ ಸಾರ ಇಷ್ಟು.

ಬೇರೆ ದೇಶದವರಿಗೆ ಇಷ್ಟು ತಲೆ ಓಡಲಿಲ್ಲ, ಪಾಪ. ಬ್ರಿಟನ್ನಿನಲ್ಲಿ 2016ರಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಸಕ್ಕರೆ ತೆರಿಗೆ ಹಾಕ್ತೀವಿ ಅಂದರು. ಜಾರಿ ಮಾಡಿದ್ದು 2018ರ ಏಪ್ರಿಲ್‌ನಲ್ಲಿ. ಆಗ 100 ಮಿಲಿಲೀಟರ್‌ಗೆ ಸಕ್ಕರೆ 5 ಗ್ರಾಂ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಪೆನ್ಸ್ ಇತ್ತು. ಕಂಪನಿಗಳು ಕೂತು ಲೆಕ್ಕ ಹಾಕಿದವು. ಸಕ್ಕರೆ ಇಳಿಸಿದರೆ ತೆರಿಗೆಯೂ ಇಳಿಯುತ್ತೆ! ತೆರಿಗೆ ಶುರುವಾಗೋ ಮೊದಲೇ ಎಷ್ಟೋ ಪಾನೀಯಗಳ ಪಾಕ ಬದಲಾಯಿತು. ಸ್ಕಾಟ್ಲೆಂಡಿನಲ್ಲಂತೂ ಐರ್ನ್ ಬ್ರೂ ಅನ್ನೋ ತಮ್ಮ ಮುದ್ದಿನ ಪಾನೀಯದ ರುಚಿ ಕೆಡುತ್ತೆ ಅಂತ ಜನ ಹಳೇ ಡಬ್ಬಿಗಳನ್ನು ಮನೆಯಲ್ಲಿ ಪೇರಿಸಿಟ್ಟುಕೊಂಡರು. ನಮ್ಮ ಅಜ್ಜಿಯಂದಿರು ಉಪ್ಪಿನಕಾಯಿ ಭರಣಿ ಕಾಯ್ತಿದ್ದ ಹಾಗೆ.

ನಮ್ಮಲ್ಲಿ ಆ ತಾಪತ್ರಯವೇ ಇಲ್ಲ. ಹತ್ತು ಗ್ರಾಂ ಇದ್ದರೂ 40, ಒಂದೂ ಇಲ್ಲದಿದ್ದರೂ 40. ಸಕ್ಕರೆ ಇಳಿಸೋಕೆ ಕಂಪನಿಯವನಿಗೆ ಹುಚ್ಚಾ?

ಹಾಗಂತ ಸರ್ಕಾರಕ್ಕೆ ಸಕ್ಕರೆ ಕಣ್ಣಿಗೇ ಬಿದ್ದಿಲ್ಲ ಅನ್ನೋ ಹಾಗಿಲ್ಲ. ಒಂದು ಸಲ ಬಿದ್ದಿತ್ತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಭೆ ಸೇರಿ ಪಾಪ್‌ಕಾರ್ನ್ ಬಗ್ಗೆ ವಿವರಣೆ ಕೊಟ್ಟಿತು. ಆಗ ಉಪ್ಪು ಖಾರದ್ದು ಬಿಡಿಯಾಗಿದ್ದರೆ 5, ಪ್ಯಾಕೆಟ್ಟಿನಲ್ಲಿದ್ದರೆ 12, ಕ್ಯಾರಮೆಲ್ ಹಚ್ಚಿದ್ದಕ್ಕೆ 18 ಇತ್ತು. ಯಾಕೆ? ಸಕ್ಕರೆ ಸೇರಿದ ಮೇಲೆ ಅದು ಜೋಳವಾಗಿ ಉಳಿಯಲ್ಲ, ಮಿಠಾಯಿ ಜಾತಿಗೆ ಸೇರುತ್ತೆ. ಮೂಟೆಯಲ್ಲಿದ್ದಾಗ 5ರ ಸಕ್ಕರೆ, ಜೋಳದ ಮೈಗೆ ಅಂಟಿದ ಕೂಡಲೇ 18 ಆಗಿತ್ತು.

ಮರು ತಿಂಗಳೇ, 2025ರ ಜನವರಿಯಲ್ಲಿ, ಹಣಕಾಸು ಸಚಿವಾಲಯದ ಆರ್ಥಿಕ ಸಮೀಕ್ಷೆ ಬಂತು. ಕಾರ್ಖಾನೆಯ ಕುರುಕಲು ತಿಂಡಿಗಳಿಗೆ ಆರೋಗ್ಯದ ದೃಷ್ಟಿಯಿಂದ ಜಾಸ್ತಿ ತೆರಿಗೆ ಹಾಕೋದನ್ನು ಯೋಚಿಸಬಹುದು ಅಂತ ಅದರಲ್ಲಿ ಬರೆದಿದ್ದರು. ಯೋಚಿಸಿದರು. ಸೆಪ್ಟೆಂಬರ್‌ನಲ್ಲಿ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮು 18ರಿಂದ 5ಕ್ಕೆ ಇಳಿದವು.

ನಡುವೆ ಜುಲೈನಲ್ಲಿ ಇನ್ನೊಂದು ತಮಾಷೆ. ತಿಂಡಿಗಳಲ್ಲಿ ಎಣ್ಣೆ, ಸಕ್ಕರೆ ಎಷ್ಟಿದೆ ಅಂತ ತಿಳಿಸೋ ಫಲಕ ಕಚೇರಿಗಳಲ್ಲಿ ಹಾಕಿ ಅಂತ ಆರೋಗ್ಯ ಸಚಿವಾಲಯ ಅದಕ್ಕೆ ಮುಂಚೆ ಪತ್ರ ಬರೆದಿತ್ತು. ಸಿಗರೇಟಿನ ಹಾಗೆ ಜಿಲೇಬಿಗೂ ಎಚ್ಚರಿಕೆ ಬರುತ್ತಂತೆ ಅಂತ ಸುದ್ದಿ ಹಬ್ಬಿತು. ದೇಶ ಬೆಚ್ಚಿತು. ಜಿಲೇಬಿ ಸಮೋಸಗಳ ಮೇಲೆ ಯಾವ ಎಚ್ಚರಿಕೆಯೂ ಇಲ್ಲ, ನಮ್ಮ ತಿಂಡಿಗಳನ್ನು ಗುರಿ ಮಾಡಿಲ್ಲ ಅಂತ ಸರ್ಕಾರ ಓಡಿ ಬಂದು ಸ್ಪಷ್ಟನೆ ಕೊಟ್ಟಿತು. ಎಷ್ಟೋ ಹಗರಣಗಳಿಗೆ ವರ್ಷಗಟ್ಟಲೆ ಸಿಗದ ಸ್ಪಷ್ಟನೆ ಜಿಲೇಬಿಗೆ ಬಿಸಿ ಆರೋದರೊಳಗೆ ಸಿಕ್ಕಿತು. ಅಂಥ ಫಲಕದ ಕೆಳಗೆ ಮೀಟಿಂಗ್ ಹೇಗಿರುತ್ತೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಟ್ರೇ ತುಂಬಾ ಪಾನಕದಂಥ ಟೀ, ತಟ್ಟೆಯಲ್ಲಿ ಕ್ರೀಮ್ ಬಿಸ್ಕತ್ತು, ಕೊನೆಗೆ ವಂದನಾರ್ಪಣೆ.

ಈಗ ಮೂಟೆಯ ಹಿಂದೆ ಮುಂದೆ ಯಾರಿದ್ದಾರೆ ನೋಡೋಣ. ಬೆಳಗಾವಿ, ಬಾಗಲಕೋಟೆ ಕಡೆ ಹೋಗಿ ಸಕ್ಕರೆ ಕಾರ್ಖಾನೆ ಯಾರದ್ದು ಅಂತ ಕೇಳಿ. ಎಷ್ಟೋ ಕಡೆ ಉತ್ತರ ‘ಸಾಹೇಬ್ರದ್ದು’. ಯಾವ ಪಕ್ಷದ ಸಾಹೇಬ್ರು ಅಂತ ಕೇಳಬೇಡಿ, ಎಲ್ಲ ಪಕ್ಷದಲ್ಲೂ ಇದ್ದಾರೆ. ವಿಧಾನಸೌಧದಲ್ಲಿ ಬೈದಾಡಿದವರು ಕಬ್ಬು ಅರೆಯೋ ಹಂಗಾಮಿಗೆ ಒಂದಾಗುತ್ತಾರೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ರಸ್ತೆಯಲ್ಲಿ ಕೂತರು. ಕೊನೆಗೆ 3,300ಕ್ಕೆ ಮಾತು ಮುಗಿಯಿತು. ಕಬ್ಬಿನ ದರ ನಿಗದಿ ಕೇಂದ್ರದ್ದು ಅಂತ ರಾಜ್ಯ, ರಾಜ್ಯ ನೋಡಿಕೊಳ್ಳಲಿ ಅಂತ ಕೇಂದ್ರದ ಕಡೆಯವರು. ಆದರೆ ಕಾರ್ಖಾನೆಗಳು ಸಕ್ಕರೆಯನ್ನು ತೀರಾ ಅಗ್ಗಕ್ಕೆ ಮಾರಬಾರದು ಅಂತ ಕೇಂದ್ರವೇ 2019ರಲ್ಲಿ ಕೆಜಿಗೆ 31 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಬೆಳೆಯಿರಿ, ಅರೆಯಿರಿ, ಬೆಲೆ ಬೀಳಿಸಬೇಡಿ, ಆದರೆ ಜನ ತಿನ್ನಬಾರದು. ಇಂಥ ಮೂಟೆಗೆ ನೀವು ಶೇ 40 ಹಾಕಿ ನೋಡೋಣ. ಹಾಗೆ ಹಾಕಿದರೆ ಮೊದಲು ಹೊಡೆತ ಬೀಳೋದು ಸಾಹೇಬ್ರಿಗಲ್ಲ, ಗುರ್ಲಾಪುರದ ರಸ್ತೆಯಲ್ಲಿ ಕೂತವರಿಗೆ. ಅದು ಸಾಹೇಬ್ರಿಗೂ ಗೊತ್ತು. ಅದಕ್ಕೇ ಅವರು ಯಾವಾಗಲೂ ರೈತರ ಹಿಂದೆ ನಿಲ್ಲೋದು.

ಟಿವಿ ಚರ್ಚೆ ಬಗ್ಗೆ ಬರೆಯಲ್ಲ. ಆರು ಕಿಟಕಿ, ಆರು ಗಂಟಲು, ಮಧ್ಯೆ ಮಧ್ಯೆ ಚಾಕೊಲೇಟಿನ ಜಾಹೀರಾತು.

ರಾಯರು ಇದನ್ನೆಲ್ಲ ಅರ್ಧ ಕೇಳಿ ಚೀಲದಿಂದ ಮೆಡಿಕಲ್ ಸ್ಟೋರಿನ ಬಿಲ್ಲು ತೆಗೆದರು. ಶುಗರ್ ನೋಡಿಕೊಳ್ಳೋ ಮಿಷನ್ನಿನ ಸ್ಟ್ರಿಪ್ಪು ತಂದಿದ್ದರು. ಕನ್ನಡಕ ಏರಿಸಿ ಜಿಎಸ್‌ಟಿ ಸಾಲಿನ ಮೇಲೆ ಬೆರಳಿಟ್ಟರು.

“ಇದಕ್ಕೂ ಐದೇ ಅಲ್ವಾ?”

“ಹೌದು, ಮುಂಚೆ 12 ಇತ್ತು. ಅದೇ ಸೆಪ್ಟೆಂಬರಲ್ಲಿ ಇಳಿಸಿದ್ದು.”

“ಮೈಸೂರು ಪಾಕಿಗೆ?”

“ಐದು.”

ರಾಯರು ಬಿಲ್ಲನ್ನು ನೀಟಾಗಿ ಮಡಿಸಿ ಜೇಬಿಗಿಟ್ಟರು. ಗಾಜಿನ ಪೆಟ್ಟಿಗೆ ಕಡೆ ಬಗ್ಗಿ, ಮನೆ ಕಡೆ ಒಂದು ಸಲ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು.

“ನೂರು ಗ್ರಾಂ ಕೊಡಪ್ಪ. ಕಾಫಿಗೆ ಮಾತ್ರ ಸಕ್ಕರೆ ಬೇಡ, ನಂಗೆ ಶುಗರ್ ಇದೆ.”