ಬೈಯುವ ಮುಂಚೆ ಆ ರಿಪೋರ್ಟನ್ನು ಪೂರ್ತಿ ಓದಿ

ಮಗುವನ್ನು ಬೇರೆ ಮಕ್ಕಳ ಜೊತೆ ಹೋಲಿಸುವ ಪರೀಕ್ಷೆಯ ಸ್ಕೋರ್ ರಿಪೋರ್ಟ್ ಮನೆಗೆ ಬಂದ ದಿನ ಎಷ್ಟೋ ಮಕ್ಕಳು ಬೈಸಿಕೊಳ್ಳುತ್ತಾರೆ. ಅದು ಅವರ ತಪ್ಪಿಗಲ್ಲ. ಆ ಹಾಳೆಯನ್ನು ಹೇಗೆ ಓದಬೇಕು ಅಂತ ಅಪ್ಪ ಅಮ್ಮನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ಪಾಠ ಮಾಡುವ ನಮಗೆ ಇದು ಪ್ರತಿ ವರ್ಷ ಕಾಣುತ್ತದೆ. ನೋಡಿದಾಗಲೆಲ್ಲ ಕರುಳು ಚುರುಕ್ ಅನ್ನುತ್ತದೆ.

"ಬರೀ 62 ಬಂದಿದೆ ಮೇಡಂ, ಇವಳು ಓದೋದೇ ಇಲ್ಲ" ಅಂತ ಒಬ್ಬ ತಂದೆ ಹೇಳುತ್ತಿದ್ದರು. ಪಕ್ಕದಲ್ಲಿ ಹುಡುಗಿ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಮುಚ್ಚುತ್ತಾ, ತಲೆ ತಗ್ಗಿಸಿ ನಿಂತಿದ್ದಳು. ಆ 62 ಮಾರ್ಕ್ಸ್ ಅಲ್ಲ, ಪರ್ಸೆಂಟೈಲ್. ಅಂದರೆ ಅವಳಂತೆ ಅದೇ ತರಗತಿ ಓದುವ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 62 ಮಕ್ಕಳ ಸ್ಕೋರ್ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ. ಎಷ್ಟು ಪ್ರಶ್ನೆಗೆ ಸರಿ ಉತ್ತರ ಬರೆದಳು ಅನ್ನುವುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಪೇಪರ್ ಕಷ್ಟ ಇದ್ದರೆ ಅರ್ಧದಷ್ಟೇ ಸರಿ ಮಾಡಿದ ಮಗುವೂ 80ನೇ ಪರ್ಸೆಂಟೈಲಿನಲ್ಲಿ ಇರಬಹುದು. 50 ಅಂದರೆ ಫೇಲ್ ಅಲ್ಲ, ಸರಿಯಾಗಿ ನಡುಮಧ್ಯ. ಆ ಹುಡುಗಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗಿಂತ ಮುಂದೆ ಇದ್ದಳು, ಆದರೂ ಬೈಸಿಕೊಂಡಳು.

ಈ ಸಾಲಿನಲ್ಲಿ ಇರುವ ಮಕ್ಕಳು ಯಾರು ಅನ್ನುವುದನ್ನೂ ಕೇಳಬೇಕು. ಸಾಮಾನ್ಯವಾಗಿ ಅವರು ಕ್ಲಾಸಿನ ಗೆಳೆಯರಲ್ಲ. ಪರೀಕ್ಷೆ ತಯಾರಿಸುವವರು ಮೊದಲೇ ದೊಡ್ಡದೊಂದು ಗುಂಪಿನ ಮಕ್ಕಳಿಗೆ ಅದನ್ನು ಕೊಟ್ಟು ನೋಡಿರುತ್ತಾರೆ, ಅದಕ್ಕೆ ನಾರ್ಮ್ ಗುಂಪು ಅಂತಾರೆ. ಹೋಲಿಕೆ ನಡೆಯುವುದು ಅವರ ಜೊತೆ. ಆ ಗುಂಪು ಬದಲಾದರೆ ಪರ್ಸೆಂಟೈಲೂ ಬದಲಾಗುತ್ತದೆ, ಮಗು ಮಾತ್ರ ಅದೇ ಮಗು.

ಇನ್ನೊಂದು ಮಾತು ಜಾಸ್ತಿ ಕೇಳಿಸುತ್ತದೆ. "ಹೋದ ವರ್ಷವೂ 60, ಈ ವರ್ಷವೂ 60, ಒಂದು ವರ್ಷ ಏನೂ ಕಲಿತಿಲ್ಲ." ಅಲ್ಲ ರೀ, ವಿಷಯ ಉಲ್ಟಾ. ಜೊತೆಯ ಮಕ್ಕಳೆಲ್ಲ ಒಂದು ವರ್ಷ ಮುಂದೆ ಹೋಗಿದ್ದಾರೆ, ನಿಮ್ಮ ಮಗುವೂ ಅವರ ಜೊತೆಗೇ ಹೋಗಿದೆ, ಅದಕ್ಕೇ ಜಾಗ ಬದಲಾಗಿಲ್ಲ. ಎಷ್ಟು ಕಲಿತಿದೆ ಅಂತ ತಿಳಿಯಬೇಕಿದ್ದರೆ ಸ್ಕೇಲ್ಡ್ ಸ್ಕೋರ್, ಅಂದರೆ ಬೇರೆ ಬೇರೆ ಪೇಪರುಗಳ ಅಂಕಗಳನ್ನು ಒಂದೇ ಅಳತೆಗೆ ತಂದ ಸ್ಕೋರ್ ನೋಡಿ. ಅದೂ ವರ್ಷದಿಂದ ವರ್ಷಕ್ಕೆ ಹೋಲಿಸಲು ಅಂತಲೇ ಮಾಡಿದ ಸ್ಕೇಲ್ ಆಗಿದ್ದರೆ ಮಾತ್ರ.

ಪರ್ಸೆಂಟೈಲಿನ ಮೆಟ್ಟಿಲುಗಳು ಒಂದೇ ಎತ್ತರ ಇರುವುದಿಲ್ಲ. ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಷನ್ (ಸ್ಕೋರುಗಳು ಸರಾಸರಿಯ ಆಚೀಚೆ ಎಷ್ಟು ಹರಡಿವೆ ಅನ್ನುವ ಅಳತೆ) 15 ಇರುವ ಪರೀಕ್ಷೆ ತಗೊಳ್ಳಿ, ಈ ಥರದ ಸ್ಕೇಲ್ ಬಹಳ ಕಡೆ ಇದೆ. 100 ಬಂದರೆ 50ನೇ ಪರ್ಸೆಂಟೈಲ್. 115 ಬಂದರೆ 84. 130 ಬಂದರೆ 98. ಎರಡು ಸಲವೂ ಏರಿದ್ದು 15 ಪಾಯಿಂಟೇ, ಆದರೆ ಮೊದಲ ಸಲ ಪರ್ಸೆಂಟೈಲ್ 34 ಏರಿತು, ಎರಡನೇ ಸಲ ಬರೀ 14. ನಡುವೆ ಮಕ್ಕಳು ಕಿಕ್ಕಿರಿದು ನಿಂತಿರುವುದೇ ಇದಕ್ಕೆ ಕಾರಣ. ಅಲ್ಲಿ ಒಂದೆರಡು ಪ್ರಶ್ನೆ ಆಚೀಚೆ ಆದರೂ 55 ಇದ್ದದ್ದು 48 ಆಗಿಬಿಡಬಹುದು. ಅದಕ್ಕೆ ಟ್ಯೂಷನ್ ಹುಡುಕುವ ಅಗತ್ಯ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ. ಸ್ಕೋರಿನ ಪಕ್ಕದಲ್ಲೋ ಕೆಳಗೋ ಒಂದು ಸಣ್ಣ ಗೆರೆ ಇರುತ್ತದೆ, ಇಲ್ಲಾ "209ರಿಂದ 221" ಅನ್ನುವಂತೆ ಎರಡು ಸಂಖ್ಯೆ ಇರುತ್ತವೆ. ಸ್ಕೋರ್ 215 ಅಂತ ದಪ್ಪಕ್ಷರದಲ್ಲಿ ಇರುತ್ತದೆ, ಈ ಗೆರೆ ಮಾತ್ರ ಕಣ್ಣಿಗೇ ಬೀಳುವುದಿಲ್ಲ. ಆದರೆ ನಿಜ ಇರುವುದು ಆ ಗೆರೆಯಲ್ಲಿ. ಯಾವ ಪರೀಕ್ಷೆಯೂ ಮಗುವಿಗೆ ಬರುವುದನ್ನು ಕರಾರುವಾಕ್ಕಾಗಿ ಅಳೆಯಲಾರದು. ಅದೇ ಮಗು ನಾಳೆ ಅಂಥದೇ ಇನ್ನೊಂದು ಪೇಪರ್ ಬರೆದರೆ, ನಡುವೆ ಹೊಸದೇನೂ ಕಲಿಯದಿದ್ದರೂ, ಸ್ಕೋರ್ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ. ರಾತ್ರಿ ನಿದ್ದೆ ಆಗಿಲ್ಲ, ಒಂದು ಪ್ರಶ್ನೆಗೆ ಊಹೆ ಹೊಡೆದದ್ದು ಸರಿಯಾಯ್ತು, ಓದುವುದಕ್ಕೆ ಕೊಟ್ಟ ಭಾಗ ಮಗುವಿಗೆ ಇಷ್ಟದ ವಿಷಯವಾಗಿತ್ತು, ಹೀಗೆ ಏನೇನೋ ಸೇರಿಕೊಳ್ಳುತ್ತವೆ. ಆ ಅಂದಾಜಿನ ಅಗಲವೇ ಆ ಗೆರೆ. ಇಬ್ಬರು ಮಕ್ಕಳ ಗೆರೆಗಳು ಒಂದರ ಮೇಲೊಂದು ಬರುತ್ತಿದ್ದರೆ ಇವನು ಜಾಣ, ಅವನು ದಡ್ಡ ಅಂತ ಹೇಳಲು ಆ ಹಾಳೆಯಲ್ಲಿ ಆಧಾರವೇ ಇಲ್ಲ. ಅಕ್ಕ ತಮ್ಮನ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ಮಾತಾಡುವವರು ದಯವಿಟ್ಟು ಇದನ್ನು ಒಂದು ಸಲ ನೋಡಿ.

ಖುಷಿಯಲ್ಲೂ ತಪ್ಪಾಗುತ್ತದೆ. ಕೆಲವು ರಿಪೋರ್ಟುಗಳಲ್ಲಿ ಗ್ರೇಡ್ ಈಕ್ವಿವಲೆಂಟ್ ಅಂತ ಇರುತ್ತದೆ. ನಾಲ್ಕನೇ ಕ್ಲಾಸಿನ ಮಗುವಿಗೆ 7.2 ಬಂದರೆ ಮನೆಯವರಿಗೆ ಹಬ್ಬ. ಮಗು ಏಳನೇ ಕ್ಲಾಸಿನ ಲೆಕ್ಕ ಮಾಡುತ್ತದೆ ಅಂತ ಅದರ ಅರ್ಥ ಅಲ್ಲ. ಏಳನೇ ಕ್ಲಾಸಿನ ಎರಡನೇ ತಿಂಗಳಲ್ಲಿರುವ ಸಾಧಾರಣ ವಿದ್ಯಾರ್ಥಿ ಈ ನಾಲ್ಕನೇ ಕ್ಲಾಸಿನ ಪೇಪರನ್ನೇ ಬರೆದರೆ ಎಷ್ಟು ತೆಗೆಯಬಹುದೋ ಅಷ್ಟನ್ನು ಇವನು ತೆಗೆದಿದ್ದಾನೆ, ಅದೂ ಬಹಳ ಸಲ ಅಂದಾಜಿನ ಲೆಕ್ಕ. ಇದು ದಾರಿ ತಪ್ಪಿಸುತ್ತದೆ ಅಂತಲೇ 1981ರಲ್ಲಿ ಓದು ಕಲಿಸುವವರ ಸಂಸ್ಥೆಯಾದ ಇಂಟರ್‌ನ್ಯಾಷನಲ್ ರೀಡಿಂಗ್ ಅಸೋಸಿಯೇಷನ್ ಇದನ್ನು ಬಿಟ್ಟುಬಿಡಿ ಎಂದು ನಿರ್ಣಯ ಮಾಡಿತ್ತು. ಸ್ಟೇನೈನ್ ಅಂತ ಇದ್ದರೆ ಅದು ಸುಲಭ, ಸ್ಕೋರುಗಳನ್ನು 1ರಿಂದ 9ರವರೆಗೆ ಒಂಬತ್ತು ಮಟ್ಟಗಳಾಗಿ ಹಂಚಿರುತ್ತಾರೆ, 4, 5, 6 ಅಂದರೆ ಸರಾಸರಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಲ್ಲೇ ಇರುತ್ತಾರೆ.

ರಿಪೋರ್ಟಿನ ಕೆಳಗೆ ಇರುವ ಸಣ್ಣ ಪಟ್ಟಿ ನೋಡಿ ಹೆದರುವವರೂ ಇದ್ದಾರೆ. "ಭಿನ್ನರಾಶಿ: ಸುಧಾರಣೆ ಬೇಕು." ಆ ಸಾಲಿನ ಹಿಂದೆ ಎಷ್ಟು ಪ್ರಶ್ನೆ ಇದ್ದವು ಅಂತ ಹುಡುಕಿ. ಕೆಲವೊಮ್ಮೆ ಐದೋ ಆರೋ ಇರುತ್ತವೆ. ಅಷ್ಟರಲ್ಲಿ ಒಂದು ಪ್ರಶ್ನೆ ತಪ್ಪಿದರೂ ಷರಾ ಬದಲಾಗುತ್ತದೆ. ಅದು ತೀರ್ಪಲ್ಲ, ಸುಳಿವು. ಸುಳಿವು ನಿಜವೋ ಅಲ್ಲವೋ ಅಂತ ನೋಡಲು ಮಗುವಿನ ಲೆಕ್ಕದ ನೋಟ್‌ಬುಕ್ ತೆಗೆಯಿರಿ. ಛೇದ ಬೇರೆ ಇದ್ದಾಗಲೂ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 1/2 + 1/3 = 2/5 ಅಂತ ಪುಟಗಟ್ಟಲೆ ಬರೆದಿದ್ದರೆ ಆ ಷರಾ ನಿಜ. ಎಲ್ಲಿಂದ ಶುರು ಮಾಡಬೇಕು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ನೋಟ್‌ಬುಕ್‌ನಲ್ಲಿ ಲೆಕ್ಕಗಳು ಸರಿ ಇದ್ದರೆ ಸುಮ್ನೆ ಮಗುವಿನ ಮೇಲೆ ಭಾರ ಹೇರಬೇಡಿ.

ಶಾಲೆಗಳ ಬಗ್ಗೆ ನನಗೆ ಸಿಟ್ಟಿದೆ. ಲಕೋಟೆಯಲ್ಲಿಟ್ಟೋ ಆ್ಯಪ್‌ನಲ್ಲಿ ಹಾಕಿಯೋ ಕೈ ತೊಳೆದುಕೊಂಡರೆ ಆಗುವುದಿಲ್ಲ. ರಿಪೋರ್ಟ್ ಕೊಡುವ ಮುಂಚೆ ಪೋಷಕರನ್ನು ಕೂರಿಸಿ ಒಂದು ಮಾದರಿ ಹಾಳೆಯನ್ನು ಬೋರ್ಡಿನ ಮೇಲೆ ಓದಿ ತೋರಿಸಬೇಕು. ಓದು ಬರಹ ಹೆಚ್ಚು ಬಾರದ ಪೋಷಕರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು. ನೀವೂ ಸಂಕೋಚ ಪಡಬೇಡಿ. ಇದು ಯಾರ ಜೊತೆ ಹೋಲಿಕೆ, ಅಂದಾಜಿನ ಅಗಲ ಎಷ್ಟು, ಕ್ಲಾಸಿನಲ್ಲಿ ನೀವು ಕಂಡದ್ದಕ್ಕೂ ಇದಕ್ಕೂ ತಾಳೆ ಆಗುತ್ತದೆಯೇ ಅಂತ ಟೀಚರನ್ನು ಕೇಳಿ. ಪರೀಕ್ಷೆಯ ದಿನ ಮಗುವಿಗೆ ಜ್ವರ ಇದ್ದಿದ್ದರೆ ಅದನ್ನು ಆಗಲೇ ಹೇಳಿ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅದರ ರಿಪೋರ್ಟ್ ಅದು, ಯಾವ ಪ್ರಶ್ನೆಯಲ್ಲಿ ತಡವರಿಸಿತು ಅಂತ ಅದಕ್ಕೇ ಚೆನ್ನಾಗಿ ಗೊತ್ತಿರುತ್ತದೆ.